ಬೆರಕೆ ಸೊಪ್ಪಿನ ಪುಟ

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ನನ್ನ ಮಗಳು ಡಾಕ್ಟರೇಟ್ ಮಾಡಿದಳು, ಅದೂ ಸೊಪ್ಪಿನ ಮೇಲೆ. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಹತ್ತಾರು ಸೊಪ್ಪುಗಳನ್ನು ಒಟ್ಟಿಗೆ ಕೊಯ್ದು ತಂದು ಬೇಳೆಯ ಜೊತೆ ಬೇಯಿಸಿದರೆ ನಮ್ಮ ಕಡೆ ಅದೇ ಬೆರಕೆ ಸೊಪ್ಪಿನ ಸಾರು. ಇದಕ್ಕೂ ಪದವಿ ಕೊಡುತ್ತಾರೆಯೇ ಎಂದು ಕೇಳಿದ್ದೆ. ಕೊಟ್ಟರು. ಕೋಲಾರದ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು.

ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿರಬೇಕು. ಮೊಮ್ಮಗಳನ್ನು ನೋಡಿಕೊಳ್ಳಲು ನಾನು ಮುಳಬಾಗಿಲಿನಿಂದ ಹೋಗಿ ಮಗಳ ಮನೆಯಲ್ಲಿದ್ದೆ. ಒಂದು ಭಾನುವಾರ ಅವಳು ಕಂಪ್ಯೂಟರ್ ಮುಂದೆ ಕೂತು ಯಾರನ್ನೋ ಬೈಯುತ್ತಿದ್ದಳು. ಇಂಟರ್‌ನೆಟ್ಟಿನಲ್ಲಿ ಒಂದು ವಿಶ್ವಕೋಶವಿದೆಯಂತೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅದರಲ್ಲಿ ಬೆರಕೆ ಸೊಪ್ಪಿನ ಬಗ್ಗೆ ಇವಳು ಒಂದು ಪುಟ ಬರೆದಿದ್ದಳು. ಹೇಳಿದ ಮಾತಿಗೆಲ್ಲ ಆಧಾರ ಕೊಡಬೇಕು. ಇವಳು ಕೊಟ್ಟ ಆಧಾರವೆಲ್ಲ ಇವಳದೇ ಲೇಖನಗಳು. ಅಲ್ಲಿ ತಿದ್ದುವವರೊಬ್ಬರು, ಬೇರೆಯವರು ಬರೆದ ಆಧಾರ ಸಿಗದಿದ್ದರೆ ಪುಟ ತೆಗೆಯಬೇಕಾಗುತ್ತದೆ ಎಂದಿದ್ದರು.

“ವರ್ಷಗಟ್ಟಲೆ ಬಿಸಿಲಲ್ಲಿ ತಿರುಗ್ದೋಳು ನಾನು. ನನ್ನ ಬಿಟ್ಟು ಇನ್ಯಾರ ಹೆಸರು ಹಾಕ್ಲಮ್ಮ?”

“ನಿನ್ನ ನೋಡೋಕೆ ಗಂಡಿನೋರು ಬಂದಾಗ ನಾನೇನಂದೆ?”

“ಬಂಗಾರದಂಥ ಹುಡುಗಿ ಅಂದೆ.”

“ನಂಬಿದ್ರಾ? ಕಾಫಿ ಕುಡಿದು, ಹಿಂದಿನ ಬೀದೀಲಿ ವಿಚಾರಿಸ್ಕೊಂಡೇ ಹೋದ್ರು. ಬಾಯಿ ಸ್ವಲ್ಪ ಜೋರು ಅಂದ್ರಂತೆ ಅಲ್ಲಿ. ಆದ್ರೂ ಒಪ್ಕೊಂಡ್ರು. ಹೆತ್ತೋಳ ಮಾತು ಸುಳ್ಳು ಅಂತಲ್ಲ ಕಣೇ, ಅದೊಂದೇ ಸಾಲ್ದು. ಓದು, ಏನು ಬರ್ದಿದ್ದೀಯ ನೋಡೋಣ.”

ಓದಿದಳು. ಚೆನ್ನಾಗಿಯೇ ಇತ್ತು. ನಡುವೆ ಒಂದು ಸಾಲು ಬಂತು: ಮುಳಬಾಗಿಲು ಸೀಮೆಯವರು ಬೆರಕೆ ಸೊಪ್ಪಿಗೆ ಹೊನಗೊನ್ನೆ ಸೊಪ್ಪನ್ನು ಸೇರಿಸುವುದಿಲ್ಲ.

“ಇದ್ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ನಮ್ಮನೇಲಿ ನೀನು ಯಾವತ್ತಾದ್ರೂ ಹಾಕಿದ್ದೀಯಾ?”

ನನಗೆ ನಗು ತಡೆಯಲಾಗಲಿಲ್ಲ. ನನ್ನತ್ತೆ ಕೆರೆ ಪಕ್ಕ ಹೊನಗೊನ್ನೆ ಕೊಯ್ಯುವಾಗ ಒಮ್ಮೆ ನೀರುಹಾವು ಕೈಗೆ ಸುತ್ತಿಕೊಂಡಿತ್ತು. ಅವತ್ತಿನಿಂದ ಆ ಸೊಪ್ಪಿನ ಹೆಸರೆತ್ತಿದರೆ ತೆಲುಗಿನಲ್ಲಿ “ವದ್ದೇ ವದ್ದು” ಎನ್ನುತ್ತಿದ್ದರು. ಬೇಡವೆಂದರೆ ಬೇಡ. ಅವರು ಹೋದ ಮೇಲೂ ನಾನು ತರಲಿಲ್ಲ. ಬೀದಿಯ ಉಳಿದ ಮನೆಗಳಲ್ಲೆಲ್ಲ ಹಾಕುತ್ತಿದ್ದರು. ಮಾಲೂರು, ಶ್ರೀನಿವಾಸಪುರದ ಕಡೆ ಮನೆಮನೆ ಹೊಕ್ಕು ಕೇಳಿದ ಮಗಳು ಹುಟ್ಟಿದೂರಿನಲ್ಲಿ ಕೇಳಿರಲಿಲ್ಲ. ಗೊತ್ತಿರುವುದನ್ನು ಯಾರಾದರೂ ಕೇಳುತ್ತಾರೆಯೇ?

ಹಾವಿನ ಕಥೆ ಕೇಳಿ ಅವಳ ಮುಖ ಸಪ್ಪಗಾಯಿತು.

“ಡಾಕ್ಟರೇಟಿಗೆ ಬರ್ದಿದ್ರಲ್ಲೂ ಇದೇ ಸಾಲಿದೆ. ಅದನ್ನ ಪರೀಕ್ಷೆ ಮಾಡಿದೋರಿಗೂ ಗೊತ್ತಾಗ್ಲಿಲ್ವಲ್ಲಮ್ಮ.”

“ಅವ್ರೇನು ನಿಮ್ಮಜ್ಜಿ ಕೈಲಿ ಉಂಡಿದ್ರಾ?”

“ಹೋಗ್ಲಿ ಬಿಡು. ಪುಟಾನೇ ಬೇಡ.”

“ಒಂದೆಲೆ ಹುಳ ತಿಂದಿದ್ದಕ್ಕೆ ಮಡಿಲ ಸೊಪ್ಪೆಲ್ಲ ಸುರೀತಾರೇನೇ? ಆ ಎಲೆ ಕಿತ್ತು ಬಿಸಾಕು.”

ಆ ವಾರ ಅವಳು ಲೈಬ್ರರಿಯಲ್ಲಿ ಹುಡುಕಿದಳು. ನಮ್ಮ ಜಿಲ್ಲೆಯ ಗಿಡಗಳ ಬಗ್ಗೆ ಯಾರೋ ಬರೆದಿದ್ದ ಹಳೇ ಪುಸ್ತಕ ಸಿಕ್ಕಿತು, ಅಡುಗೆಯ ಪುಸ್ತಕವೊಂದು ಸಿಕ್ಕಿತು. ಎರಡರಲ್ಲೂ ಬೆರಕೆ ಸೊಪ್ಪಿನಲ್ಲಿ ಹೊನಗೊನ್ನೆ ಇತ್ತು. ಅವೆರಡನ್ನೂ ಆಧಾರವಾಗಿ ಹಾಕಿ, ತನ್ನ ಹೊನಗೊನ್ನೆಯ ಸಾಲನ್ನು ತೆಗೆದಳು. ತನ್ನ ಲೇಖನಗಳನ್ನೂ ತೆಗೆದಳು. ಪುಟದ ಬಗ್ಗೆ ಚರ್ಚೆ ನಡೆಯುವ ಜಾಗದಲ್ಲಿ ಹೀಗೆ ಬರೆದಳು: ‘ಆ ಲೇಖನಗಳು ನನ್ನವೇ. ಅವುಗಳಲ್ಲಿ ಹೊನಗೊನ್ನೆಯ ಸಾಲು ತಪ್ಪು. ಉಳಿದದ್ದು ಉಪಯೋಗಕ್ಕೆ ಬರುವುದಾದರೆ ನೀವೇ ನೋಡಿ ಸೇರಿಸಿ.’ ಅದನ್ನು ಬರೆಯುವುದು ಅವಳಿಗೆ ಸುಲಭವಾಗಿರಲಿಲ್ಲ. ಬರೆದು ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದಿಟ್ಟಿದ್ದನ್ನೂ ತೊಳೆದಳು.

ಪುಟ ಉಳಿಯಿತು. ತೆಗೆಯುತ್ತೇನೆ ಎಂದಿದ್ದವರೇ ಅವಳ ಲೇಖನವೊಂದನ್ನು ಓದಿ, ಎರಡು ಕಡೆ ಆಧಾರವಾಗಿ ಸೇರಿಸಿದ್ದರು. ಅವರು ಯಾವ ಊರಿನವರೋ, ಗಂಡಸೋ ಹೆಂಗಸೋ ನಮಗೆ ಇವತ್ತಿಗೂ ಗೊತ್ತಿಲ್ಲ.

“ಹಿಂದಿನ ಬೀದಿಯೋರು ಒಪ್ಕೊಂಡ್ರು ನೋಡು” ಎಂದೆ.

ಆ ಭಾನುವಾರ ಮಾರ್ಕೆಟ್ಟಿನಿಂದ ಹೊನಗೊನ್ನೆಯನ್ನೂ ತಂದು ಬೆರಕೆಗೆ ಹಾಕಿದೆ. ಸಾರು ಚೆನ್ನಾಗಿತ್ತು. ಅತ್ತೆಗೆ ಆಗದೇ ಇದ್ದದ್ದು ಹಾವು. ಪಾಪ, ಸೊಪ್ಪೇನು ಮಾಡಿತ್ತು?

ಮುಂದಿನ ರಜೆಗೆ ಎಲ್ಲರೂ ಮುಳಬಾಗಿಲಿಗೆ ಬಂದೆವು. ಬ್ಯಾಗು ಇಳಿಸಿ, ನೀರೂ ಕುಡಿಯದೆ, ಮಗಳು ಪೆನ್ನು ಹಿಡಿದು ಎದುರು ಮನೆಗೆ ಹೊರಟಳು.

“ಏನೇ, ನನ್ನ ಕೇಳಲ್ವಾ?”

“ನಿನ್ನನ್ನ ಕೊನೇಗೆ ಕಣಮ್ಮ” ಎಂದು ಎದುರು ಮನೆಯ ಬಾಗಿಲು ತಟ್ಟಿದಳು.