ಕೃಷ್ಣನ ಹಿಂದೆ ಮಸ್ಕಿಯ ಎತ್ತುಗಳು

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಮದುವೆಯಾಗಿ ಲಿಂಗಸುಗೂರಿಗೆ ಬಂದ ನನ್ನ ಸಂದೂಕಿನಲ್ಲಿ ಸೀರೆಗಳಿಗಿಂತ ಅಜ್ಜನ ಕುಂಚಗಳೇ ಹೆಚ್ಚಿದ್ದವು. ಅಜ್ಜ ಸುರಪುರದ ಚಿತ್ರಗಾರ. ಬಂಗಾರದ ರೇಕು ಅಂಟಿಸಿ, ಕೂದಲೆಳೆಯಂಥ ಗೆರೆಯಲ್ಲಿ ದೇವರನ್ನು ಬರೆಯುವ ಅರಮನೆ ಕಾಲದ ಆ ಶೈಲಿಯನ್ನು ನನಗೂ ಕಲಿಸಿದ್ದ. ಇದು ತಿಳಿದದ್ದೇ ತಡ, ಅತ್ತೆ ಅಂದರು: "ಸುಮ್ನ ಕುಂತು ಕೈ ಮರೀಬ್ಯಾಡ. ದೇವರ ಕೋಣಿಗೆ ಒಬ್ಬ ಕೊಳಲು ಕೃಷ್ಣನ್ನ ಬರಿ. ಹಿಂದ ದನ ಇರ್ಲಿ."

ಹಲಗೆಯ ಮೇಲೆ ಕೃಷ್ಣ ಸಲೀಸಾಗಿ ಬಂದ. ಕಿರೀಟಕ್ಕೆ ರೇಕೂ ಚೆನ್ನಾಗಿ ಕೂತಿತು. ದನಗಳೇ ಬರಲಿಲ್ಲ. ಅಜ್ಜ ಕಲಿಸಿದಂತೆಯೇ ಬರೆದರೂ ಮಾರಲಿಟ್ಟ ಗೊಂಬೆಗಳ ಹಾಗೆ ನಿಂತುಬಿಡುತ್ತಿದ್ದವು. ಒರೆಸಿದೆ, ಬರೆದೆ, ಮತ್ತೆ ಒರೆಸಿದೆ. ಕೊನೆಗೆ ಬೇಸತ್ತು ಹಲಗೆಯನ್ನು ಗೋಡೆಗೆ ಮುಖ ಮಾಡಿಟ್ಟು, ಮಸ್ಕಿಯಲ್ಲಿದ್ದ ನಾದಿನಿಯ ಮನೆಗೆ ಹೋದೆ.

ಒಂದು ಬೆಳಿಗ್ಗೆ ನಾವಿಬ್ಬರೂ ಸೀತಾಫಲ ಕೀಳಲು ಗುಡ್ಡ ಹತ್ತಿದೆವು. ಬಿಸಿಲೇರಿದಾಗ ಮುಂದಕ್ಕೆ ಚಾಚಿದ ಒಂದು ಬಂಡೆಯ ನೆರಳಿಗೆ ಸರಿದೆವು. ಅಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಹೆಂಗಸು ನಕ್ಕಳು.

"ತಲಿ ಎತ್ತಿ ನೋಡ್ರಿ, ಮ್ಯಾಲೆ ದನ ಅದಾವ."

ಎತ್ತಿ ನೋಡಿದೆ. ಬಂಡೆಯ ಹೊಟ್ಟೆಯ ಮೇಲೆ ಕೆಂಪು ಎತ್ತುಗಳ ಸಾಲು. ಹೆಗಲ ಮೇಲಿನ ಇಣಿಯ ಡುಬ್ಬದಿಂದ ಬಾಲದವರೆಗೆ ಒಂದೇ ಗೆರೆ. ಕಣ್ಣಿಲ್ಲ, ಗೆಜ್ಜೆಯಿಲ್ಲ, ಆದರೂ ನಡೆಯುತ್ತಿದ್ದವು!

"ಯಾರು ಬರದಾರ ಇವನ್ನ?"

"ಯಾರಿಗ್ಗೊತ್ತ್ರಿ? ನಮ್ಮ ಮುತ್ಯಾನ ಮುತ್ಯಾನೂ ಇವನ್ನ ನೋಡಿದ್ನಂತ."

ಮುಟ್ಟಲು ಧೈರ್ಯ ಸಾಲಲಿಲ್ಲ. ಆ ಗೆರೆಗಳ ಜಾಡನ್ನು ಗಾಳಿಯಲ್ಲೇ ಬೆರಳಿನಿಂದ ಮತ್ತೆ ಮತ್ತೆ ಎಳೆದೆ. ನಾದಿನಿ ಮತ್ತೆ ಹೋಗಿ ಬುಟ್ಟಿ ತುಂಬಿಕೊಂಡು ಬಂದು ಭುಜ ಅಲುಗಿಸುವವರೆಗೂ ನನಗೆ ಎಚ್ಚರವಿರಲಿಲ್ಲ.

ಊರಿಗೆ ಮರಳಿದವಳೇ ಕಾವಿಮಣ್ಣು ಅರೆದು ಅಂಟಿನಲ್ಲಿ ಕಲಸಿದೆ. ಸಣ್ಣ ಕುಂಚಗಳನ್ನು ಬದಿಗಿಟ್ಟು, ಬೇವಿನ ಕಡ್ಡಿಯ ತುದಿ ಅಗಿದು ಅದನ್ನೇ ಹಿಡಿದೆ. ಉಸಿರು ಬಿಗಿಹಿಡಿದು ಎಳೆದೆ. ಬಂಗಾರದ ಕೃಷ್ಣನ ಹಿಂದೆ ಕೆಂಪು ಎತ್ತುಗಳು ಒಂದೊಂದಾಗಿ ನಡೆದು ಬಂದವು. ನನ್ನ ಕೈಯೇ ನನಗೆ ಹೊಸದೆನ್ನಿಸಿತು.

ಅತ್ತೆ ಬಹಳ ಹೊತ್ತು ನೋಡಿದರು. "ಕೊಂಬು ಇಷ್ಟುದ್ದ, ಕಣ್ಣಽ ಇಲ್ಲ. ಯಾವ ಸೀಮಿ ದನ ಇವು?"

"ಮಸ್ಕಿ ಗುಡ್ಡದಾವ್ರಿ."

"ಹಂಗಾರ ನಂಗೂ ತೋರ್ಸು."

ಮಸ್ಕಿಯ ಮಗಳನ್ನು ನೋಡುವ ನೆಪದಲ್ಲಿ ಅತ್ತೆ ಬಂಡಿ ಕಟ್ಟಿಸಿ ಹೊರಟೇಬಿಟ್ಟರು. ನನ್ನ ಹೆಗಲು ಹಿಡಿದು, ಅಲ್ಲಲ್ಲಿ ಕೂತು ಗುಡ್ಡ ಹತ್ತಿದರು. ಬಂಡೆಯ ಹತ್ತಿರ ಬಂದಾಗ, ಯಾರೂ ಹೇಳದಿದ್ದರೂ ಚಪ್ಪಲಿ ಬಿಟ್ಟರು. ಸೆರಗು ತಲೆಗೆಳೆದುಕೊಂಡು ಕತ್ತೆತ್ತಿ ನಿಂತರು.

"ಕೃಷ್ಣ ಹುಟ್ಟೂಕಿಂತ ಮೊದ್ಲಽ ಇವನ್ನ ಯಾರೋ ಕಾಯ್ದಾರ ನೋಡು," ಎಂದರು ಪಿಸುದನಿಯಲ್ಲಿ.

ಆಮೇಲೆ ಅಲ್ಲೇ ನೆಲದ ಮೇಲೆ ಕೂತರು. ಬಂಡಿಯವನು ಕೆಳಗಿನಿಂದ ಎರಡು ಸಲ ಕೂಗಿದ. ಅತ್ತೆ ಏಳಲಿಲ್ಲ. ನಾನೂ ಅವರ ಪಕ್ಕದಲ್ಲಿ ಕೂತೆ.