ಹಿಂದಿನ ಸೀಟಿನ ಹಟ

ಹಾನಗಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಬಹಳ ವರ್ಷ ವಾರ್ಡನ್ ಆಗಿದ್ದವಳು ನಾನು. ನಿವೃತ್ತಿಯಾದ ಮೇಲೂ ಐದಕ್ಕೆ ಏಳುತ್ತೇನೆ, ಹನ್ನೆರಡೂವರೆಗೆ ಉಣ್ಣುತ್ತೇನೆ. ಹೋದ ಚಳಿಗಾಲದಲ್ಲಿ ನಾವು ನಾಲ್ವರು ಗೆಳತಿಯರು ಹೊನ್ನಾವರದ ಹತ್ತಿರ ಶರಾವತಿಯಲ್ಲಿ ಕಯಾಕ್ ನಡೆಸಲು ಹೋದಾಗ ವೇಳಾಪಟ್ಟಿ ಹಾಕಿದವಳೂ ನಾನೇ. ಹನ್ನೊಂದಕ್ಕೆ ನೀರಿಗೆ, ಹನ್ನೊಂದೂವರೆಗೆ ವಾಪಸು, ಹನ್ನೆರಡೂವರೆಗೆ ದಡದಲ್ಲಿ ರೊಟ್ಟಿ ಬುತ್ತಿ.

ಕಯಾಕ್ ಎಂದರೆ ಒಬ್ಬರ ಹಿಂದೊಬ್ಬರು ಕೂರುವ ಉದ್ದನೆಯ ಪ್ಲಾಸ್ಟಿಕ್ ದೋಣಿ. ದಿಕ್ಕು ತಿರುಗಿಸುವುದು ಹಿಂದೆ ಕೂತವರ ಕೆಲಸ ಎಂದು ಬಾಡಿಗೆಗೆ ಕೊಡುವ ಹೆಂಗಸು ಹೇಳಿದ್ದೇ ತಡ, ಹತ್ತಿಮತ್ತೂರಿನ ನನ್ನ ಗೆಳತಿ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಳು.

"ಜಲ್ಮೆಲ್ಲಾ ಹಿಂದ ಕುಂತೇನ್ರಿ ಅಕ್ಕೋರ. ಬಂಡ್ಯಾಗ ಹಿಂದ, ಸೈಕಲ್ ಮ್ಯಾಲ ಹಿಂದ, ಈಗ ಮಗನ ಬೈಕಿನ ಮ್ಯಾಲೂ ಹಿಂದ. ಎತ್ತಾಗ ಹೋಗೂಣು ಅಂತ ಒಬ್ರರ ಕೇಳಿಲ್ಲ. ಇಲ್ಲಿ ಹಿಂದ ಕುಂತಾಕಿನ ದೋಣಿ ಹೊಡೀತಾಳಂತ. ಇವತ್ತೊಂದ ದಿನ ನಾ ಹೊಡೀತೇನಿ."

"ನೀ ಮುಂದ ಕುಂಡ್ರು. ಟೈಮಿಗೆ ಹೋಗಿ ಟೈಮಿಗೆ ಬರಬೇಕು," ಎಂದೆ.

ಅವಳು ಎದ್ದು ಮುಂದೆ ಹೋದಳು. ಮುಖ ಬಾಡಿದ್ದು ಕಂಡಿತು. ಆದರೂ ನಾನು ಹಿಂದೆಯೇ ಕೂತೆ.

"ಈಗ ಹೊಳೆ ನೀರು ಮೇಲಕ್ಕೆ ಹೋಗ್ತದೆ. ಎರಡೂವರೆ ಆದ್ಮೇಲೆ ಇಳೀತದೆ, ಆಗ ವಾಪಸು ಬನ್ನಿ," ಎಂದು ದೋಣಿಯ ಹೆಂಗಸು ಕೂಗಿದಳು. ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ನಮ್ಮ ಧರ್ಮಾ, ವರದಾ ಹೊಳೆಗಳು ಎಂದಾದರೂ ಮೇಲಕ್ಕೆ ಹರಿದದ್ದುಂಟೆ? ಗಟ್ಟಿಯಿದ್ದಾಗ ಎದುರು ಹೋಗುವುದು, ದಣಿದ ಮೇಲೆ ಹರಿವಿನ ಜೊತೆ ಬರುವುದು, ಇದು ನನ್ನ ಲೆಕ್ಕ.

"ಒಂದ್, ಎರಡ್! ಒಂದ್, ಎರಡ್!" ನನ್ನ ಎಣಿಕೆಗೆ ದೋಣಿ ಹಾರಿತು. ಇನ್ನೊಂದು ದೋಣಿಯಲ್ಲಿ ಸವಣೂರಿನ ಟೇಲರ್ ಗೆಳತಿ ಮತ್ತು ಹಿರೇಕೆರೂರಿನ ನಿವೃತ್ತ ನರ್ಸ್. ಇಬ್ಬರೂ ಹುಟ್ಟುಗೋಲಿನಿಂದ ಒಬ್ಬರಿಗೊಬ್ಬರು ನೀರು ಎರಚಿಕೊಂಡು ತೊಯ್ದು ತೊಪ್ಪೆಯಾಗಿದ್ದರು.

"ಒಲಿಂಪಿಕ್ಸಿಗೆ ಹೆಸರ ಕೊಡೂಣೇನ್ರಿ ಅಕ್ಕೋರ?" ಎಂದಳು ನರ್ಸ್.

"ಇದಕ್ಕ ಶಿಸ್ತು ಅಂತಾರ," ಎಂದೆ ಬೀಗುತ್ತ.

ಹನ್ನೊಂದೂವರೆಗೆ ಸರಿಯಾಗಿ ತಿರುಗಿದೆವು. ದೋಣಿ ಮುಂದೆ ಹೋಗಲೊಲ್ಲದು. ದಡದಲ್ಲೊಂದು ಬಾಗಿದ ತೆಂಗಿನ ಮರವಿತ್ತು. ಹತ್ತು ನಿಮಿಷ ಏದುಸಿರು ಬಿಟ್ಟು ಹುಟ್ಟು ಹಾಕಿ ನೋಡಿದರೆ, ಪಕ್ಕದಲ್ಲಿದ್ದ ಮರ ನಮ್ಮ ಮುಂದಿತ್ತು.

"ತೆಂಗಿನ ಗಿಡ ನಮ್ಮನ್ನ ಓವರ್‌ಟೇಕ್ ಮಾಡಾಕತ್ತೈತ್ರಿ!" ಎಂದು ಟೇಲರ್ ಕಿರುಚಿದಳು.

ಸಮುದ್ರದ ಭರತ ನಿಜವಾಗಿಯೂ ಹೊಳೆಯನ್ನು ಮೇಲಕ್ಕೆ ನೂಕುತ್ತಿತ್ತು. ಹೋಗುವಾಗ ನಮ್ಮನ್ನು ಹಾರಿಸಿದ್ದೂ ಅದೇ, ನನ್ನ ಶಿಸ್ತಲ್ಲ. ಇನ್ನೊಂದು ದೋಣಿಯವರಿಬ್ಬರು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಚಕ್ಕುಲಿ ಡಬ್ಬಿ ತೆಗೆದರು. ನೀರು ಅವರನ್ನು ಹಿಂದುಹಿಂದಕ್ಕೆ ಒಯ್ಯತೊಡಗಿತು. ಇಬ್ಬರೂ ಗಂಡನ ಮನೆಗೆ ಹೊರಟ ಮದುವಣಗಿತ್ತಿಯರ ಹಾಗೆ ಕೈ ಬೀಸಿದರು.

"ಹಂಗ ಜೋಗ ನೋಡಕೊಂಡ ಬರ್ತೇವ್ರಿ ಅಕ್ಕೋರ!"

ನನಗೆ ನಗು ಒತ್ತರಿಸಿ ಬಂದು ಕೈಯ ಬಲವೇ ಹೋಯಿತು. ದೋಣಿ ಬುಗುರಿಯಂತೆ ಒಂದು ಸುತ್ತು ತಿರುಗಿತು. ಮುಂದೆ ಕೂತವಳು ಮಾತ್ರ ನಗದೆ ದಂಡೆಯನ್ನೇ ನೋಡುತ್ತಿದ್ದಳು.

"ನಡುವ ಯಾಕ ಗುದ್ದಾಡಾಕತ್ತೀರಿ? ಕಾಲುವಿ ನೀರು ನಡುವ ಓಡತೈತಿ, ದಂಡ್ಯಾಗ ತೂಕಡಸತೈತಿ. ಅಷ್ಟ ವರ್ಸ ಹೊಲಕ್ಕ ನೀರ ಹಾಯಿಸೇನಿ, ನಂಗೊತ್ತಿಲ್ಲೇನು? ಆ ಎಲಿ ನೋಡ್ರಿ."

ನಡುವಿನ ಎಲೆಗಳು ಓಡುತ್ತಿದ್ದವು. ದಂಡೆಯ ಪೊದೆಗಳ ಬುಡದಲ್ಲೊಂದು ಎಲೆ ನಿಂತಲ್ಲೇ ನಿಂತಿತ್ತು.

"ಹಿಂದ ನಾ ಕುಂಡ್ರತೇನಿ," ಎಂದಳು. ಈ ಸಲ ಅವಳು ಕೇಳಲಿಲ್ಲ, ಹೇಳಿದಳು.

ಗಡಿಯಾರ ನೋಡಿದೆ, ಹನ್ನೆರಡೂಕಾಲು. "ಕುಂಡ್ರವಾ," ಎಂದೆ.

ಮರಳ ದಿಬ್ಬವೊಂದಕ್ಕೆ ದೋಣಿ ತಾಗಿಸಿ ಸೀಟು ಬದಲಿಸಿದೆವು. ನನ್ನ ಒಂದು ಚಪ್ಪಲಿ ಕೆಸರಿನ ಪಾಲಾಯಿತು. ಅವಳು ಪೊದೆಗಳಿಗೆ ಅಂಟಿಕೊಂಡೇ ನಡೆಸಿದಳು. ಟೊಂಗೆ ಬಡಿದ ಮೇಲೆ "ತಲಿ ಬಗ್ಗಸ್ರಿ!" ಎನ್ನುತ್ತಿದ್ದಳು. ಅಭ್ಯಾಸಬಲದಿಂದ ನಾನು "ಒಂದ್" ಎಂದೆ.

"ಎಣಸಬ್ಯಾಡ್ರಿ. ಸುಮ್ನ ಕುಂತ ನೋಡ್ರಿ."

ಸುಮ್ಮನೆ ಕೂತೆ. ನೀಲಿ ಮಿಂಚುಳ್ಳಿಯೊಂದು ಮೂಗಿನ ಮುಂದೆಯೇ ಹಾರಿಹೋಯಿತು. ಹಿಂದೆ ಅವಳು "ಹಾಂ, ಬಾ, ಹಂಗ ಬಾ," ಎಂದು ದೋಣಿಯನ್ನು ಎತ್ತಿನಂತೆ ರಮಿಸುತ್ತಿದ್ದಳು.

ದಡ ಮುಟ್ಟಿದಾಗ ಒಂದೂಕಾಲು ದಾಟಿತ್ತು. ದೋಣಿಯ ಹೆಂಗಸು ಹಗ್ಗಕ್ಕೆ ಕೈ ಚಾಚಿದಳು. ನಾನು ಒಂದು ಕಾಲು ಹೊರಗಿಟ್ಟೆ. ಹಿಂದಿನಿಂದ ಅಲ್ಲಾಡುವ ಸದ್ದೇ ಇಲ್ಲ.

"ಇಳಿಯಂಗಿಲ್ಲೇನ?" ಎಂದೆ.

"ಆ ಇಬ್ರನ್ನ ಹುಡಕಬೇಕಲ್ರಿ," ಎಂದಳು. ಕಣ್ಣು ಮೂಗು ಎಲ್ಲ ನಗುತ್ತಿದ್ದವು. "ಬುತ್ತಿ ಗಂಟ ಈ ಕಡೆ ಕೊಡ್ರೆವಾ. ಅಕ್ಕೋರಿಗೆ ಹಸುವಾದ್ರ ದಾರ್‍ಯಾಗ ತಿಂತಾರ. ಈಗ ನಡು ಹೊಳ್ಯಾಗ ಹೊಡೀತೇನಿ, ಕಾಯಂಗಿಲ್ಲ!"

ಹುಟ್ಟಿನಿಂದ ದಡಕ್ಕೊಂದು ಗುದ್ದು ಕೊಟ್ಟಳು. ನಾನು ಹೊರಗಿಟ್ಟಿದ್ದ ಕಾಲನ್ನು ಗಡಿಬಿಡಿಯಲ್ಲಿ ಒಳಗೆಳೆದುಕೊಂಡೆ.