ಅರ್ಧ ಸಜ್ಜೆ ರೊಟ್ಟಿ

ನವನಗರದ ಬಾಡಿಗೆ ಮನೆಯಲ್ಲಿ ನನ್ನ ಮೊದಲ ಚಳಿಗಾಲ. ಒಂದು ಬೆಳಗ್ಗೆ ಗೋಡೆಯಾಚೆ ಯಾರನ್ನೋ ಹೊಡೆಯುವ ಸದ್ದಿಗೆ ಎಚ್ಚರವಾಯಿತು. ಬಿಡಿಸೋಣವೆಂದು ಬನಿಯನ್ನಿನಲ್ಲೇ ಓಡಿದೆ. ಬಾಗಿಲು ತೆರೆದ ಮನೆಯೊಡತಿ ಶಾಂತಕ್ಕನ ಕೈತುಂಬ ಹಿಟ್ಟು. "ಸಂಕ್ರಾಂತಿಗೆ ರೊಟ್ಟಿ ಬಡಿಯಾಕತ್ತೇನ್ರಿ ಸರ. ನಿಮ್ಮೂರಾಗ ಮಾಡಂಗಿಲ್ಲೇನು?"

ಮಾಡುವುದಿಲ್ಲ. ನಂಜನಗೂಡಿನಲ್ಲಿ ಸಂಕ್ರಾಂತಿ ಎಂದರೆ ಕಬ್ಬಿನ ತುಂಡು, ಮನೆಮನೆಗೆ ಎಳ್ಳು ಬೀರುವುದು. ಇಲ್ಲಿ ಇಡೀ ಮನೆಯೇ ಬುತ್ತಿ, ಅಂದರೆ ಬಟ್ಟೆಯಲ್ಲಿ ಕಟ್ಟಿದ ಊಟ, ಹೊತ್ತು ನೀರಿನ ದಡಕ್ಕೆ ಹೊರಡುತ್ತದೆ. ಎಳ್ಳು ಅರೆದು ಮೈಗೆ ಹಚ್ಚಿ ಸ್ನಾನ, ಆಮೇಲೆ ಎಳ್ಳು ಒತ್ತಿದ ಗರಿಗರಿ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಎಲ್ಲವೂ ಸೂರ್ಯ ಉತ್ತರಕ್ಕೆ ತಿರುಗಿದ್ದಕ್ಕೆ. ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆಂದು ನಾನೂ ಉತ್ತರಕ್ಕೆ ತಿರುಗಿದವನೇ. ಸೂರ್ಯನಿಗಾದರೆ ಆರು ತಿಂಗಳಿಗೆ ವಾಪಸಾತಿ ಇದೆ, ನನ್ನ ವರ್ಗಾವಣೆ ಯಾವಾಗಲೋ.

ಆ ಸಲ ಶಾಂತಕ್ಕನ ಮನೆಯವರ ಜೊತೆ ಹಿನ್ನೀರಿನ ದಡಕ್ಕೆ ನಾನೂ ಹೋದೆ. ಅವರು ಮೊದಲ ರೊಟ್ಟಿ ಮುರಿದು ನೀರಿಗೆ ಬಿಟ್ಟು, "ಅಲ್ಲೇ ನೋಡ್ರಿ, ನಮ್ಮ ಒಲಿ ಇತ್ತು" ಎಂದು ಕೈ ತೋರಿಸಿದರು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೇ ಊರಿನ ಅವರ ಮನೆ ಆ ನೀರಿನ ಕೆಳಗಿದೆ. ಎಲ್ಲರೂ ನೀರು ತರುತ್ತ, ಬಡಿಸುತ್ತ ಓಡಾಡುತ್ತಿದ್ದರೆ ನಾನೊಬ್ಬನೇ ಜಮಖಾನದ ಮೇಲೆ. ಏಳಲು ಹೋದರೆ, "ನೀವು ಕೂಡ್ರಿ ಸರ." ಹೊಟ್ಟೆ ತುಂಬಿತು, ಮನಸ್ಸಿಗೆ ಕಸಿವಿಸಿ. ಬರಿಗೈಯಲ್ಲಿ ಹೋದವನನ್ನು ನೆಂಟನಂತಲ್ಲದೆ ಇನ್ನು ಹೇಗೆ ನೋಡುತ್ತಾರೆ? ಮುಂದಿನ ಸಂಕ್ರಾಂತಿಗೆ ನನ್ನ ಬುತ್ತಿ ನಾನೇ ಒಯ್ಯುತ್ತೇನೆಂದು ಅಲ್ಲೇ ಹಟ ತೊಟ್ಟೆ.

ಹೋದ ತಿಂಗಳು, ಡಿಸೆಂಬರಿನಲ್ಲಿ, ಸಜ್ಜೆ ಹಿಟ್ಟು ತಂದೆ. ತಣ್ಣೀರಲ್ಲಿ ಕಲಸಿ, ನಮ್ಮ ಅಕ್ಕಿ ರೊಟ್ಟಿಯಂತೆ ಬಾಳೆಲೆಯ ಮೇಲೆ ಬೆರಳಲ್ಲಿ ತಟ್ಟಿದೆ. ಹೆಂಚಿಗೆ ಹಾಕುವಷ್ಟರಲ್ಲಿ ನಾಲ್ಕು ಚೂರು. ಕಿಟಕಿಯಲ್ಲಿ ನಿಂತು ಶಾಂತಕ್ಕ ನಕ್ಕಿದ್ದೇ ನಕ್ಕಿದ್ದು. "ಕೂಸನ್ನ ಮಲಗಿಸಿದಂಗ ತಟ್ಟಾಕತ್ತೀರಲ್ರಿ ಸರ! ಕುದಿಯೋ ನೀರು ಹಾಕಿ ನಾದ್ರಿ. ಅಂಗೈಲೆ ಬಡೀರಿ, ತಿರುಗಿಸ್ಕೋತ ಬಡೀರಿ."

ಮೂರು ವಾರ ಬಡಿದೆ. ಅಂಗೈ ಕೆಂಪಾಯಿತು, ಬೀದಿ ನಾಯಿ ದಪ್ಪಗಾಯಿತು. ಹಬ್ಬದ ಹಿಂದಿನ ದಿನ ಹನ್ನೆರಡು ರೊಟ್ಟಿ ಒಡೆಯದೆ ಬಂದವು. ಒಂದೂ ದುಂಡಗಿರಲಿಲ್ಲ.

ದಡದಲ್ಲಿ ಗಂಟು ಬಿಚ್ಚಿಟ್ಟೆ. ಶಾಂತಕ್ಕ ಒಂದು ರೊಟ್ಟಿ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ತಮ್ಮ ಬುತ್ತಿ ಮುಟ್ಟದೆ ಅವರು ನನ್ನ ರೊಟ್ಟಿಯನ್ನೇ ಮುರಿದು, ಅರ್ಧವನ್ನು ಒಲೆಯಿದ್ದ ಕಡೆಗೆ ನೀರಿಗೆ ಬಿಟ್ಟರು. ಇನ್ನರ್ಧ ನನ್ನ ಕೈಗಿಟ್ಟು, "ಊರಿಗೆ ಹೊಂಟೀರಲ್ಲ, ಇದು ನಿಮ್ಮವ್ವಗ. ತಿಂಗಳಾದ್ರೂ ಕೆಡಂಗಿಲ್ಲ" ಎಂದರು. ಆಮೇಲೆ ಖಾಲಿ ಕೊಡದ ಕಡೆ ಕಣ್ಣು ಹಾಯಿಸಿ ನನ್ನನ್ನೇ ಗದರಿದರು: "ಕುಂತೇನ್ ಮಾಡ್ತಿ ತಮ್ಮಾ? ಕೈ ತೊಳಿಯಾಕ ನೀರು ತಗೊಂಬಾ, ಹೋಗು."

ಅಷ್ಟು ಖುಷಿಯಿಂದ ನಾನು ಯಾವತ್ತೂ ನೀರು ಹೊತ್ತಿಲ್ಲ.

ಇದನ್ನು ಮೈಸೂರಿನ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಚೀಲದಲ್ಲಿಟ್ಟರೆ ಪುಡಿಯಾದೀತೆಂದು ಆ ಅರ್ಧ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೇನೆ. ಈಗಷ್ಟೇ ಅಮ್ಮನ ಫೋನು ಬಂತು. ನನ್ನ ಪಾಲಿನ ಎಳ್ಳು ತೆಗೆದಿಟ್ಟಿದ್ದಾಳಂತೆ. "ನಾಲ್ಕೇ ದಿನ ರಜಾನಾ? ಅಲ್ಲಿ ನಿಂಗ್ಯಾರಿದ್ದಾರೆ ಅಂತ ಅಷ್ಟು ಬೇಗ ವಾಪಸ್ ಓಡ್ತೀಯ?"

"ಅರ್ಧ ರೊಟ್ಟಿ ತರ್ತಿದ್ದೀನಮ್ಮ," ಎಂದೆ. "ಅದನ್ನ ತಿಂದು, ಆಮೇಲೆ ಕೇಳು."